ನಕುಲನ ಪಾರ್ಟು

ಅರಸೀಕೆರೆ ಅಂದರೆ ಜಾಸ್ತಿ ಜನಕ್ಕೆ ನೆನಪಾಗುವುದು ರೈಲ್ವೆ ಜಂಕ್ಷನ್. ಹುಬ್ಬಳ್ಳಿ ಕಡೆ ಹೋಗುವವರು ಅಲ್ಲಿ ಇಳಿದು ಗಡಿಬಿಡಿಯಲ್ಲಿ ಕಾಫಿ ಕುಡಿದಿರುತ್ತಾರೆ. ಹಾಸನಕ್ಕೆ ಬರುವವರು ಗಾಡಿ ಬದಲಾಯಿಸಿರುತ್ತಾರೆ. ವ್ಯಾಪಾರದವರಿಗೆ ಕೊಬ್ಬರಿ ರೇಟು ನೆನಪಾಗಬಹುದು. ಬಾಲಣ್ಣ ಆ ಊರಿನವರು ಅಂದರೆ ಮಾತ್ರ ಹಾಸನದಲ್ಲೇ ಹುಟ್ಟಿ ಬೆಳೆದವರೂ 'ಹೌದಾ?' ಅನ್ನುತ್ತಾರೆ.

ಟಿ.ಎನ್. ಬಾಲಕೃಷ್ಣ. ಸಿನಿಮಾದವರಿಗೂ ನಮಗೂ ಬಾಲಣ್ಣ. ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿಕೊಂಡು ಬೆಳೆದವರು. 1943ರಲ್ಲಿ 'ರಾಧಾರಮಣ' ಸಿನಿಮಾದಿಂದ ತೆರೆಗೆ ಬಂದರು. ಜಿ.ವಿ. ಅಯ್ಯರ್ ಕೂಡ ಸಿನಿಮಾಕ್ಕೆ ಬಂದಿದ್ದು ಅದರಿಂದಲೇ. ಅಲ್ಲಿಂದ ಸುಮಾರು ಐವತ್ತು ವರ್ಷ ಬಾಲಣ್ಣ ಮಾಡದ ಪಾತ್ರ ಇಲ್ಲ. ಜಿಪುಣ, ಬಡ್ಡಿ ಸಾಹುಕಾರ, ಕುತಂತ್ರಿ ಮಾವ, ಪಾಪದ ಅಪ್ಪ, ನಗಿಸುವ ಮುದುಕ, ಎದೆ ಬಡಿದುಕೊಂಡು ಅಳುವ ಮುದುಕ. ಒಂದೇ ಸಿನಿಮಾದಲ್ಲಿ ನಗಿಸಿ ಆಮೇಲೆ ಹೆದರಿಸಿದ್ದೂ ಇದೆ. ಹೀರೋ ಮಾತ್ರ ಆಗಲಿಲ್ಲ.

ಅವರಿಗೆ ಕಿವಿ ಕೇಳುತ್ತಿರಲಿಲ್ಲ ಅನ್ನುವುದು ಹಳಬರಿಗೆಲ್ಲ ಗೊತ್ತಿರುವ ವಿಷಯ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಇದನ್ನು ಎಲ್ಲರೂ 'ಅಬ್ಬಾ, ಎಂಥಾ ಸಾಧನೆ' ಅಂತ ಹೇಳಿ ಮುಂದೆ ಹೋಗಿಬಿಡುತ್ತಾರೆ. ನನಗೆ ಅಲ್ಲೇ ನಿಲ್ಲಬೇಕು ಅನ್ನಿಸುತ್ತದೆ. ಏಕೆಂದರೆ ಅವರ ನಟನೆಯ ಗುಟ್ಟು ಇರುವುದೇ ಅಲ್ಲಿ ಅಂತ ನನ್ನ ಲೆಕ್ಕ. 'ಬಂಗಾರದ ಮನುಷ್ಯ' (1972) ಮತ್ತೆ ನೋಡಿ. ಬಾಲಣ್ಣ ಅದರಲ್ಲಿ ರಾಚೂಟಪ್ಪ. ರಾಜ್‌ಕುಮಾರ್ ಮಾತಾಡುವಾಗ ರಾಜ್‌ಕುಮಾರರನ್ನು ನೋಡಬೇಡಿ, ಕಷ್ಟ, ಆದರೂ ನೋಡಬೇಡಿ. ಪಕ್ಕದಲ್ಲಿ ನಿಂತ ರಾಚೂಟಪ್ಪನನ್ನು ನೋಡಿ. ಕಣ್ಣು ಎದುರಿನವರ ಮುಖಕ್ಕೆ ಅಂಟಿಕೊಂಡಿರುತ್ತದೆ. ಆ ಮುಖದಲ್ಲಿ ಏನು ಬದಲಾದರೂ ಈ ಮುಖದಲ್ಲಿ ಅದು ತಕ್ಷಣ ಕಾಣುತ್ತದೆ. ಕಿವಿ ಕೇಳುವ ನಟರು ಎದುರಿನವರ ಮಾತು ಮುಗಿಯಲಿ ಅಂತ ಕಾಯುತ್ತಾರೆ. ಕಾಯುವಾಗ ಮನಸ್ಸಿನಲ್ಲಿ ತಮ್ಮ ಮುಂದಿನ ಡೈಲಾಗು ಓಡುತ್ತಿರುತ್ತದೆ. ಬಾಲಣ್ಣನಿಗೆ ಆ ಸೌಕರ್ಯ ಇರಲಿಲ್ಲ. ಒಂದು ಗಳಿಗೆ ನೋಟ ತಪ್ಪಿದರೆ ಮಾತೇ ತಪ್ಪಿಹೋಗುತ್ತಿತ್ತು.

ಪೋಷಕ ನಟನ ಕೆಲಸ ಮುಕ್ಕಾಲು ಪಾಲು ಕೇಳಿಸಿಕೊಳ್ಳುವ ಕೆಲಸ ಅಂತ ನಾನು ನಂಬಿದ್ದೇನೆ. ಕಥೆ ಹೀರೋದು. ಹಾಡು, ಫೈಟು, ಚಪ್ಪಾಳೆ ಎಲ್ಲ ಅವನದೇ. ಉಳಿದವರು ಅವನ ಮಾತಿಗೆ ತೂಕ ಕೊಡಬೇಕು. ಅಪ್ಪ ಅಳದಿದ್ದರೆ ಮಗನ ತ್ಯಾಗಕ್ಕೆ ಬೆಲೆ ಎಲ್ಲಿಂದ ಬರಬೇಕು? ಸಾಹುಕಾರ ಬೆವರದಿದ್ದರೆ ಹೀರೋನ ಕೋಪಕ್ಕೆ ಯಾರು ಹೆದರುತ್ತಾರೆ?

ಇದು ನನಗೆ ಗೊತ್ತಾಗಿದ್ದು ನಕುಲನ ಪಾರ್ಟು ಮಾಡಿದಾಗ.

ನಮ್ಮ ಹಾಸನದ ಕಡೆ, ಹಾಗೆಯೇ ತುಮಕೂರು, ಮಂಡ್ಯದ ಹಳ್ಳಿಗಳಲ್ಲಿ, ಬೇಸಿಗೆ ಬಂತೆಂದರೆ 'ಕುರುಕ್ಷೇತ್ರ' ನಾಟಕ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದರಲ್ಲಿ ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ. ನಟನೇ ದುಡ್ಡು ಕಟ್ಟಿ ಪಾರ್ಟು ತೆಗೆದುಕೊಳ್ಳುತ್ತಾನೆ. ಕೃಷ್ಣ, ದುರ್ಯೋಧನನಿಗೆ ಜಾಸ್ತಿ ರೇಟು. ಭೀಮ, ಅರ್ಜುನ, ಕರ್ಣ, ಶಕುನಿ ಅದಕ್ಕಿಂತ ಕೆಳಗೆ. ಹೀಗೆ ಇಳಿದು ಇಳಿದು ಕೊನೆಗೆ ನಕುಲ ಸಹದೇವರು. ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದು ದೇವಸ್ಥಾನದ ಜಗಲಿಯಲ್ಲೋ ಶಾಲೆಯ ರೂಮಿನಲ್ಲೋ ರಾತ್ರಿ ಹೊತ್ತು ಪ್ರಾಕ್ಟೀಸು ಮಾಡಿಸುತ್ತಾರೆ. ಹಗಲೆಲ್ಲ ಉಳುಮೆ, ಹಾಲಿನ ಡೈರಿ, ಗಾರೆ ಕೆಲಸ ಮಾಡಿದವರು ರಾತ್ರಿ ಶ್ರುತಿ ಹಿಡಿದು ಕಂದಪದ್ಯ ಹೇಳುತ್ತಾರೆ. ಸೀನರಿ, ಡ್ರೆಸ್ಸು, ಲೈಟು ಎಲ್ಲ ಬಾಡಿಗೆ. ದ್ರೌಪದಿ, ಕುಂತಿ, ಉತ್ತರೆ ಪಾತ್ರಗಳಿಗೆ ಕಂಪನಿಯಲ್ಲಿ ಪಳಗಿದ ಕಲಾವಿದೆಯರನ್ನು ಹೊರಗಿನಿಂದ ಕರೆಸುತ್ತಾರೆ. ಅವರಿಗೆ ಮಾತ್ರ ಸಂಭಾವನೆ. ರಾತ್ರಿ ಶುರುವಾದರೆ ಬೆಳಗಿನ ಜಾವ ಗದಾಯುದ್ಧ. ಹಾಸನದಲ್ಲಾದರೆ ಇದಕ್ಕೆ ಹಾಸನಾಂಬ ಕಲಾಕ್ಷೇತ್ರ ಇದೆ. ಅಲ್ಲಿ ಹಗಲೇ ನಡೆಯುವುದೂ ಉಂಟು, ನಿದ್ದೆಗೆಡುವ ಕಷ್ಟ ಇಲ್ಲ.

ನಾನು ಕಟ್ಟಬಹುದಾದ ದುಡ್ಡಿಗೆ ನಕುಲ ಸಿಕ್ಕಿದ. ಮಾತು ಬೆರಳೆಣಿಕೆಯಷ್ಟು. ಹಾಡಂತೂ ಇಲ್ಲ. ಆದರೆ ಪಾಂಡವರು ಇರುವ ಸೀನಲ್ಲೆಲ್ಲ ನಿಂತಿರಬೇಕು. ಕೃಷ್ಣ ಸಂಧಾನಕ್ಕೆ ಹೊರಡುವ ಮುಂಚೆ ಒಬ್ಬೊಬ್ಬರ ಅಭಿಪ್ರಾಯ ಕೇಳುತ್ತಾನಲ್ಲ, ಆ ಸೀನು ಎಷ್ಟು ಉದ್ದ ಇರುತ್ತದೆ ಅಂದರೆ ಭೀಮ ಕುಣಿದು ಕುಪ್ಪಳಿಸಿ, ಅರ್ಜುನ ಹಾಡಿ, ದ್ರೌಪದಿ ಮುಡಿ ತೋರಿಸಿ ಅತ್ತು, ಜನ 'ಒನ್ಸ್ ಮೋರ್' ಅಂತ ಕೂಗಿ, ಮತ್ತೆ ಅದೇ ಹಾಡು ಇನ್ನೊಂದು ಸಲ ಆಗಿ, ಅಷ್ಟೂ ಹೊತ್ತು ನಕುಲ ಕೈ ಕಟ್ಟಿ ನಿಂತಿರುತ್ತಾನೆ. ಕಿರೀಟ ಹಣೆಗೆ ಒತ್ತುತ್ತಿರುತ್ತದೆ. ಮುಖದ ಬಣ್ಣ ತುರಿಸುತ್ತಿರುತ್ತದೆ. ಮುಂದಿನ ಸಾಲಿನಲ್ಲಿ ನೆಂಟರು ಕೂತು ಕೈ ಬೀಸುತ್ತಿರುತ್ತಾರೆ.

ಮೇಷ್ಟ್ರು ಹೇಳಿಕೊಟ್ಟಿದ್ದು ಇಷ್ಟೇ. "ಭೀಮನ ಬಾಯಿ ನೋಡ್ತಾ ಇರು. ಅವನು ಬೈದಾಗ ನಿನಗೂ ಸಿಟ್ಟು ಬರಬೇಕು. ಬರ್ಲಿಲ್ಲ ಅಂದ್ರೆ ನೀನು ನಕುಲ ಅಲ್ಲ, ಡ್ರೆಸ್ ಹಾಕ್ಕೊಂಡ ಕಂಬ." ಪ್ರಾಕ್ಟೀಸಿನಲ್ಲಿ ನಾನು ಆಕಳಿಸಿದರೆ ಭೀಮನ ಪಾರ್ಟಿನವರಿಗೆ ಸಿಟ್ಟು ಬರುತ್ತಿತ್ತು. ಅವರು ನನಗಿಂತ ಎಷ್ಟೋ ಪಟ್ಟು ದುಡ್ಡು ಕಟ್ಟಿದವರು, ಬರದೇ ಇರುತ್ತಾ? ನಿಧಾನಕ್ಕೆ ಒಂದು ಸಂಗತಿ ಅರ್ಥವಾಯಿತು. ನಾವು ನಾಲ್ಕು ಜನ ಮನಸ್ಸಿಟ್ಟು ಕೇಳಿದ ದಿನ ಭೀಮ ಚೆನ್ನಾಗಿ ಮಾಡುತ್ತಿದ್ದರು. ನಾವು ಎತ್ತಲೋ ನೋಡುತ್ತಿದ್ದ ದಿನ ಅವರ ದನಿ ಸುಮ್ನೆ ಏರುತ್ತಿತ್ತು, ಹತ್ತುತ್ತಿರಲಿಲ್ಲ.

ಅಲ್ಲಿಂದ ಮುಂದೆ ನಾನು ಸಿನಿಮಾ ನೋಡುವ ರೀತಿಯೇ ಬದಲಾಯಿತು. ಮನೆಯವರಿಗೆ ಇದರಿಂದ ಹಿಂಸೆ. "ಆ ಹಿಂದೆ ನಿಂತವರನ್ನ ನೋಡು" ಅಂತ ಟಿವಿ ಮುಂದೆ ಕೂಗುವವನ ಜೊತೆ ಯಾರು ಸಿನಿಮಾ ನೋಡುತ್ತಾರೆ ಹೇಳಿ.

ಬಾಲಣ್ಣನ ತಲೆಮಾರಿಗೆ ರಂಗಭೂಮಿ ನಟನೆ ಕಲಿಯುವ ಜಾಗವೂ ಹೌದು, ಅನ್ನದ ದಾರಿಯೂ ಹೌದು. 1950ರ ದಶಕದಲ್ಲಿ ಕನ್ನಡ ಸಿನಿಮಾ ತಯಾರಾಗುತ್ತಿದ್ದುದೇ ಕಡಿಮೆ, ಅದೂ ಮದ್ರಾಸಿನಲ್ಲಿ. ಕೆಲಸ ಇಲ್ಲದ ಕಾಲದಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಸಂಘ ಕಟ್ಟಿಕೊಂಡು ಊರೂರಿಗೆ ಹೋಗಿ ನಾಟಕ ಆಡಿದರು. ಅದೇ ಬಳಗ 1960ರಲ್ಲಿ 'ರಣಧೀರ ಕಂಠೀರವ' ಸಿನಿಮಾ ತೆಗೆಯಿತು. ಸಿನಿಮಾ ಕೈಬಿಟ್ಟಾಗ ನಾಟಕ ಹಿಡಿದುಕೊಂಡಿತು, ನಾಟಕದಿಂದ ಮತ್ತೆ ಸಿನಿಮಾ ಹುಟ್ಟಿತು. ಆಮೇಲೆ ಬಾಲಣ್ಣ ಸಂಪಾದಿಸಿದ್ದನ್ನೆಲ್ಲ ಸುರಿದು ಬೆಂಗಳೂರಿನ ಹೊರಗೆ ಅಭಿಮಾನ್ ಸ್ಟುಡಿಯೋ ಕಟ್ಟಿದರು. ಕನ್ನಡದವರು ಮದ್ರಾಸಿಗೆ ಅಲೆಯುವುದು ತಪ್ಪಲಿ ಅನ್ನುವ ಆಸೆ. ಅದು ಅವರ ಕೈ ಹಿಡಿಯಲಿಲ್ಲ, ಸಾಲ ಬೆಳೆಯಿತು. 1995ರಲ್ಲಿ ತೀರಿಕೊಂಡರು. ಈಗಿನವರಿಗೆ ಆ ಸ್ಟುಡಿಯೋ ಹೆಸರು ಗೊತ್ತಿರುವುದು 2009ರಲ್ಲಿ ವಿಷ್ಣುವರ್ಧನ್ ಅಂತ್ಯಕ್ರಿಯೆ ಅಲ್ಲಿ ನಡೆಯಿತು ಅನ್ನುವ ಕಾರಣಕ್ಕೆ. ಪೋಷಕ ನಟ ಕಟ್ಟಿದ ಜಾಗವೂ ಕೊನೆಗೆ ಹೀರೋ ಹೆಸರಿನಲ್ಲೇ ನೆನಪಾಗುತ್ತದೆ. ತಪ್ಪು ಯಾರದೂ ಅಲ್ಲ, ಆದರೂ ಅರಸೀಕೆರೆಯಲ್ಲಿ ಬಾಲಣ್ಣನಿಗೊಂದು ರಂಗಮಂದಿರ ಇದ್ದರೆ ಎಷ್ಟು ಚೆನ್ನ ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ.

ದೊಡ್ಡಣ್ಣನವರೂ ಅರಸೀಕೆರೆ ಕಡೆಯವರೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ನಾಟಕ ಆಡುತ್ತಿದ್ದವರು. ಆ ದನಿ ಕೇಳಿದರೆ ಮೈಕ್ ಇಲ್ಲದ ಕಾಲಕ್ಕೆ ತಯಾರಾದ ದನಿ ಅನ್ನಿಸುತ್ತದೆ. ಅವರ ಬಗ್ಗೆ ಬೇರೆಯದೇ ಬರಹ ಬೇಕು.

ನಮ್ಮ ಪಕ್ಕದ ಚಿಕ್ಕಮಗಳೂರಿನ ಕಡೆಯಿಂದ ಹೇಳಬೇಕೆಂದರೆ ಅದು ಮೊದಲು ಶೂಟಿಂಗ್ ಜಾಗವಾಗಿ ಈ ಕಥೆಯೊಳಗೆ ಬರುತ್ತದೆ. 1970ರ 'ಸಂಸ್ಕಾರ' ಚಿತ್ರೀಕರಣವಾಗಿದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಗಿರೀಶ್ ಕಾರ್ನಾಡ್ ಪ್ರಾಣೇಶಾಚಾರ್ಯ, ಲಂಕೇಶ್ ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ನಾಟಕದ ನಂಟಿನವರೇ ಜಾಸ್ತಿ ಇದ್ದ ತಂಡ, ಸಿನಿಮಾದ ಮಾಮೂಲಿ ಮುಖಗಳು ಕಡಿಮೆ. ಮದ್ರಾಸಿನ ಸೆನ್ಸಾರ್ ಮೊದಲು ತಡೆ ಹಾಕಿತು. ಆಮೇಲೆ ಅದೇ ಸಿನಿಮಾಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಕನ್ನಡಕ್ಕೆ ಆ ಗೌರವ ಅದೇ ಮೊದಲು. ಸಣ್ಣ ಸಣ್ಣ ಪಾತ್ರದ ಬ್ರಾಹ್ಮಣರು ಹೆಣದ ಬಗ್ಗೆ ಜಗಳ ಆಡುವುದನ್ನು ನೋಡಿದರೆ ಇವರೆಲ್ಲ ಇದೇ ಅಗ್ರಹಾರದಲ್ಲಿ ಹುಟ್ಟಿದವರು ಅನ್ನಿಸಿಬಿಡುತ್ತದೆ.

ನಾಲ್ಕು ವರ್ಷ ಬಿಟ್ಟು 'ಭೂತಯ್ಯನ ಮಗ ಅಯ್ಯು'. ಕಥೆ ನಮ್ಮ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರದು, ಶೂಟಿಂಗ್ ಚಿಕ್ಕಮಗಳೂರು ಹತ್ತಿರದ ಕಳಸಾಪುರದಲ್ಲಿ. ಎರಡು ಜಿಲ್ಲೆ ಸೇರಿ ಮಾಡಿದ ಸಿನಿಮಾ ಅಂತ ನಾವು ತಮಾಷೆ ಮಾಡುವುದುಂಟು. ವಿಷ್ಣುವರ್ಧನ್ ಇದ್ದರು, ರಂಗಭೂಮಿಯಿಂದ ಬಂದ ಲೋಕೇಶ್ ಅಯ್ಯು ಆಗಿದ್ದರು. ಆದರೆ ಇವತ್ತಿಗೂ ಯಾರನ್ನು ಕೇಳಿದರೂ ಮೊದಲು ಹೇಳುವುದು ಲೋಕನಾಥ್ ಉಪ್ಪಿನಕಾಯಿ ತಿನ್ನುವ ಸೀನು. ಅದನ್ನು ನೋಡುವಾಗ ಬಾಯಲ್ಲಿ ನೀರು ಬರದವರು ಉಂಟೇ? ನಾಟಕದಲ್ಲಿ ಹೀಗೆ ತಿನ್ನಲು ಆಗುವುದಿಲ್ಲ. ಹಿಂದಿನ ಸಾಲಿನವನಿಗೆ ಬೆರಳು ನೆಕ್ಕುವುದು ಕಾಣುವುದೇ ಇಲ್ಲ, ಅಲ್ಲಿ ಇಡೀ ಮೈ ಆಡಿಸಿ ತೋರಿಸಬೇಕು. ಕ್ಯಾಮೆರಾ ಹತ್ತಿರ ಬಂದಾಗ ಅಷ್ಟು ದೊಡ್ಡ ಆಟವನ್ನು ಬಾಯಿ, ಬೆರಳು, ಕಣ್ಣಿಗೆ ಇಳಿಸುವುದು ಎಲ್ಲ ರಂಗನಟರಿಗೂ ಒಲಿಯುವ ವಿದ್ಯೆ ಅಲ್ಲ. ಒಂದೇ ಒಂದು ಸೀನಿನಿಂದ ಅರ್ಧ ಶತಮಾನ ನೆನಪಲ್ಲಿ ಉಳಿಯುವುದು ಪೋಷಕ ನಟರಿಗೆ ಮಾತ್ರ ಸಿಗುವ ಭಾಗ್ಯ. ಭಾಗ್ಯವೋ ಶಿಕ್ಷೆಯೋ, ಗೊತ್ತಿಲ್ಲ. ಹೋದಲ್ಲೆಲ್ಲ ಉಪ್ಪಿನಕಾಯಿ ಬಡಿಸಿದರೆ ಯಾರಿಗೇ ಆದರೂ ಸಾಕಾಗಬಹುದು.

ಕಾಯುವಿಕೆ ಅಂದರೆ ನನಗೆ ನೆನಪಾಗುವುದು ಎಂ.ವಿ. ವಾಸುದೇವರಾವ್. ನಾಟಕದಿಂದ ಬಂದವರು, ಸಿನಿಮಾದಲ್ಲಿ ಸಣ್ಣ ಪುಟ್ಟ ಪಾತ್ರಗಳಲ್ಲೇ ವರ್ಷಗಟ್ಟಲೆ ಕಳೆದವರು. ಬಿ.ವಿ. ಕಾರಂತರು 'ಚೋಮನ ದುಡಿ'ಗೆ ಅವರನ್ನು ಚೋಮ ಮಾಡಿದರು. 1975ರ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಅವರಿಗೆ ಬಂತು. ಕನ್ನಡ ಸಿನಿಮಾಕ್ಕೆ ಆ ಪ್ರಶಸ್ತಿ ತಂದ ಮೊದಲಿಗರು ಒಬ್ಬ ಸ್ಟಾರ್ ಅಲ್ಲ, ಅಷ್ಟು ದಿನ ಹಿಂದೆ ನಿಂತಿದ್ದವರು. ಆಮೇಲೆ ಅವರಿಗೆ ಚೋಮನಂಥ ಪಾತ್ರಗಳು ಸಾಲುಗಟ್ಟಿ ಬಂದವೇ? ಇಲ್ಲ. ಒಂದು ಪ್ರಶಸ್ತಿಯಿಂದ ಇಂಡಸ್ಟ್ರಿ ಲೆಕ್ಕಾಚಾರ ಬದಲಾಗುವುದಿಲ್ಲ.

ಕನ್ನಡಕ್ಕೆ ಆ ಪ್ರಶಸ್ತಿ ತಂದ ಎರಡನೆಯವರು 'ತಬರನ ಕಥೆ'ಯ ಚಾರುಹಾಸನ್. ಆ ಕಥೆ ಬರೆದ ತೇಜಸ್ವಿ ಮೂಡಿಗೆರೆಯಲ್ಲಿ ಇದ್ದವರು, ಅಂದರೆ ಅಲ್ಲೂ ಚಿಕ್ಕಮಗಳೂರಿನ ಪಾಲು ಇದೆ. ಮೂರನೆಯವರು ಅಪ್ಪಟ ಚಿಕ್ಕಮಗಳೂರು ಜಿಲ್ಲೆಯವರು. ಕಡೂರು ತಾಲ್ಲೂಕಿನ ಪಂಚನಹಳ್ಳಿಯ ವಿಜಯ್, ಅಂದರೆ ಸಂಚಾರಿ ವಿಜಯ್.

ಸಂಚಾರಿ ಅನ್ನುವುದು ಅವರ ಮನೆ ಹೆಸರಲ್ಲ, ಅವರ ನಾಟಕ ತಂಡದ ಹೆಸರು. ಎಂಜಿನಿಯರಿಂಗ್ ಓದಿ, ಸ್ವಲ್ಪ ಕಾಲ ಪಾಠ ಮಾಡಿ, ಬೆಂಗಳೂರಿನ ಸಂಚಾರಿ ಥಿಯೇಟರ್ ಸೇರಿದರು. ಬಹಳಷ್ಟು ನಟರು ಸಿನಿಮಾ ಸಿಕ್ಕ ಮೇಲೆ ನಾಟಕವನ್ನು ಸಂದರ್ಶನಗಳಲ್ಲಿ ಮಾತ್ರ ನೆನೆಯುತ್ತಾರೆ. ಇವರು ಅದನ್ನು ಹೆಸರಿಗೇ ಸೇರಿಸಿಕೊಂಡರು. ಶುರುವಿನಲ್ಲಿ ಮಾಡಿದ್ದು ಸಣ್ಣ ಪಾತ್ರಗಳೇ. ಆಮೇಲೆ 'ಹರಿವು' ಬಂತು. ಮಗನ ಚಿಕಿತ್ಸೆಗೆ ಬೆಂಗಳೂರಿಗೆ ಬಂದು, ಕೊನೆಗೆ ಆ ಮಗುವಿನ ದೇಹವನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಹೊರಡುವ ರೈತನ ಪಾತ್ರ. ಇಂಥ ಪಾತ್ರ ಸಿಕ್ಕಿದರೆ ಎದೆ ಬಡಿದುಕೊಂಡು ಅಳುವುದು ಸುಲಭ. ವಿಜಯ್ ಅಳಲಿಲ್ಲ ಅಂತಲ್ಲ. ಆ ಟ್ರಂಕನ್ನು ಹಿಡಿದುಕೊಂಡ ರೀತಿಯಲ್ಲೇ ಅರ್ಧ ಹೇಳಿಬಿಟ್ಟರು.

'ನಾನು ಅವನಲ್ಲ... ಅವಳು' ಸಿನಿಮಾಕ್ಕೆ 2014ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಅದೇ ಸಾಲಿನಲ್ಲಿ 'ಹರಿವು' ಅತ್ಯುತ್ತಮ ಕನ್ನಡ ಚಿತ್ರ. ಒಬ್ಬ ನಟನಿಗೆ ಇದಕ್ಕಿಂತ ಒಳ್ಳೆ ವರ್ಷ ಬೇಕಾ? ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಲು ಹೊರಟ ವಿದ್ಯಾಳ ಪಾತ್ರ ಅದು. ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಲೇಬೇಕು. ಹಳ್ಳಿ ನಾಟಕಗಳಲ್ಲಿ ಹಿಂದೆ ಗಂಡಸರೇ ಸೀರೆ ಉಟ್ಟು ಬರುತ್ತಿದ್ದರು. ಕೆಲವರದು ಅದ್ಭುತ ಸ್ತ್ರೀವೇಷ. ಇನ್ನು ಕೆಲವರು ಬಂದು ಸೊಂಟ ತಿರುಗಿಸಿದರೆ ಸಾಕು, ಜನ ಶಿಳ್ಳೆ ಹೊಡೆಯುತ್ತಿದ್ದರು. ಆ ಶಿಳ್ಳೆಯ ನೆನಪು ಇಟ್ಟುಕೊಂಡೇ ಜನ ಈ ಸಿನಿಮಾ ನೋಡಲು ಕೂರುತ್ತಾರೆ. ನನ್ನ ಜೊತೆ ನೋಡಿದ ಒಬ್ಬ ಗೆಳೆಯ ಶುರುವಿನಲ್ಲಿ ಕಿಸಕ್ಕನೆ ನಕ್ಕ. ಸ್ವಲ್ಪ ಹೊತ್ತಿಗೆ ಸುಮ್ಮನಾದ. ನಡಿಗೆ, ಕೈ, ಕಣ್ಣು ಯಾವುದರಲ್ಲೂ ನಗುವುದಕ್ಕೆ ವಿಜಯ್ ಜಾಗವನ್ನೇ ಬಿಟ್ಟಿರಲಿಲ್ಲ.

ಅಷ್ಟೆಲ್ಲ ಆದ ಮೇಲೂ ಅವರಿಗೆ ಕೆಲಸ ಸಲೀಸಾಗಿ ಸಿಗಲಿಲ್ಲ ಅನ್ನುವುದು ಅವರ ಸಿನಿಮಾಗಳ ಪಟ್ಟಿ ನೋಡಿದರೇ ತಿಳಿಯುತ್ತದೆ. ಒಂದು ಕಡೆ 'ನಾತಿಚರಾಮಿ'ಯಂಥ ಸಿನಿಮಾ, ಇನ್ನೊಂದು ಕಡೆ ಬೇರೆಯವರ ಕಥೆಯಲ್ಲಿ ಒಂದು ಪಾತ್ರ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಹೋಗಿಬಿಟ್ಟರು. ಇನ್ನೂ ನಲವತ್ತು ತುಂಬಿರಲಿಲ್ಲ. ಲಾಕ್‌ಡೌನ್ ದಿನಗಳಲ್ಲಿ ಕೋವಿಡ್ ಪರಿಹಾರದ ಕೆಲಸಕ್ಕೆ ಓಡಾಡಿಕೊಂಡಿದ್ದರು. ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ಪಂಚನಹಳ್ಳಿಯಲ್ಲೇ ಮಣ್ಣು ಮಾಡಿದರು. ಕಡೂರಿನ ಕಡೆ ಹೋದಾಗ ಟೀ ಅಂಗಡಿಗಳಲ್ಲಿ ಅವರ ಫೋಟೋ ಈಗಲೂ ಕಾಣುತ್ತದೆ. ವಯಸ್ಸಾದ ಮೇಲೆ ಅವರು ಅಪ್ಪನ ಪಾತ್ರಗಳನ್ನು, ಅಜ್ಜನ ಪಾತ್ರಗಳನ್ನು ಹೇಗೆ ಮಾಡುತ್ತಿದ್ದರು ಅಂತ ನಾನು ಆಗಾಗ ಯೋಚಿಸುತ್ತೇನೆ. ಪೋಷಕ ನಟನಿಗೆ ವಯಸ್ಸಾದಷ್ಟೂ ಒಳ್ಳೊಳ್ಳೆ ಪಾತ್ರ. ದತ್ತಣ್ಣನವರನ್ನೇ ನೋಡಿ. ವಾಯುಪಡೆ, ಎಚ್‌ಎಎಲ್ ನೌಕರಿ ಎಲ್ಲ ಮುಗಿಸಿ ಪೂರ್ತಿ ನಟನೆಗೆ ಇಳಿದವರು 'ಮುನ್ನುಡಿ'ಗೆ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ತೆಗೆದುಕೊಂಡಾಗ ಅರವತ್ತರ ಹತ್ತಿರ ಇದ್ದರು.

ಈಗ ಟಿವಿ ವಿಷಯ. ಇದರಲ್ಲಿ ನನಗೆ ನೇರವಾಗಿ ಗೊತ್ತಿರುವ ಒಬ್ಬರಿದ್ದಾರೆ. ಹಾಸನದವರು, ಹೆಸರು ಬೇಡ. ನಾನು 'ಅಣ್ಣ' ಅಂತ ಕರೆಯುತ್ತೇನೆ. ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರು, ತಿರುಗಾಟದ ನಾಟಕಗಳಲ್ಲಿ ಊರೂರು ಸುತ್ತಿದವರು. ಇವತ್ತು ಒಂದು ಪಟ್ಟಣದಲ್ಲಿ ನಾಟಕ, ನಾಳೆ ಇನ್ನೊಂದರಲ್ಲಿ. ನಟರೇ ಲಾರಿಯಿಂದ ಸೆಟ್ಟು ಇಳಿಸಬೇಕು, ನಟರೇ ಕಟ್ಟಬೇಕು, ನಾಟಕ ಮುಗಿದ ಮೇಲೆ ನಟರೇ ಬಿಚ್ಚಬೇಕು. ಅಂಥ ಕಡೆ ಕಲಿತವರಿಗೆ ಸೀರಿಯಲ್ ಸೆಟ್ಟಿನಲ್ಲಿ ಮೊದಲ ದಿನ ಕುರ್ಚಿ ಹಾಕಿ ಕೂರಿಸಿ ಕೊಡೆ ಹಿಡಿದಾಗ ಏನು ಮಾಡಬೇಕೋ ಗೊತ್ತಾಗಲಿಲ್ಲವಂತೆ.

ಕನ್ನಡ ಸೀರಿಯಲ್ಲುಗಳ ಮೊದಲ ಕಾಲದಲ್ಲಿ ನಾಟಕದವರೇ ಕೆಲಸ ಹಿಡಿದುಕೊಂಡಿದ್ದರು. ಟಿ.ಎನ್. ಸೀತಾರಾಂ ರಂಗಭೂಮಿಯಿಂದಲೇ ಬಂದವರು, ಅವರ 'ಮಾಯಾಮೃಗ' ತುಂಬ ರಂಗನಟರಿದ್ದರು. ಅದಕ್ಕೂ ಮುಂಚೆ ಶಂಕರ್ ನಾಗ್ ಆಗುಂಬೆಯಲ್ಲಿ ಹಿಂದಿಯ 'ಮಾಲ್ಗುಡಿ ಡೇಸ್' ತೆಗೆದಾಗಲೂ ಹಾಗೇ. ಮಾತಿಗೆ ಜಾಗ ಇತ್ತು, ಸುಮ್ಮನಿರುವುದಕ್ಕೂ ಜಾಗ ಇತ್ತು. ಈಗ ದಿನಾ ಒಂದು ಎಪಿಸೋಡ್ ಹೋಗಬೇಕು. ಸೀನ್ ಪೇಪರು ಬರುವುದೇ ಬೆಳಗ್ಗೆ, ಕೆಲವು ಸಲ ಮೇಕಪ್ ಹಾಕುವಾಗ. ಬಾಯಿಪಾಠಕ್ಕೆ ಟೈಮೇ ಇಲ್ಲ. ಕ್ಯಾಮೆರಾ ಪಕ್ಕ ನಿಂತ ಹುಡುಗ ಒಂದೊಂದು ಸಾಲು ಪ್ರಾಂಪ್ಟ್ ಮಾಡುತ್ತಾನೆ, ನಟರು ಅದನ್ನೇ ಭಾವ ಸೇರಿಸಿ ಹೇಳುತ್ತಾರೆ. ಇಡೀ ನಾಟಕವನ್ನು, ಬೇರೆಯವರ ಮಾತೂ ಸೇರಿಸಿ, ಬಾಯಿಪಾಠ ಮಾಡಿದವರಿಗೆ ಇದು ಮೊದಮೊದಲು ಅವಮಾನ ಅನ್ನಿಸುತ್ತದೆ.

"ಪ್ರಾಂಪ್ಟ್ ಅಭ್ಯಾಸ ಆಗೋಯ್ತು ಬಿಡಪ್ಪ" ಅಂದರು ಅಣ್ಣ ಒಂದು ದಿನ. "ಕಷ್ಟ ಯಾವ್ದು ಗೊತ್ತಾ? ಎದುರಿಗೆ ಯಾರೂ ಇರಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಇಬ್ಬರು ಮಾತಾಡುವ ಸೀನು ಅಂದುಕೊಳ್ಳಿ. ಮೊದಲು ಇಬ್ಬರನ್ನೂ ಸೇರಿಸಿ ಒಂದು ಶಾಟ್. ಆಮೇಲೆ ಹೀರೋನ ಕ್ಲೋಸಪ್. ಆಗ ಅಣ್ಣ ಕ್ಯಾಮೆರಾ ಪಕ್ಕ ನಿಂತು ತಮ್ಮ ಮಾತು ಹೇಳಬೇಕು, ಹೀರೋಗೆ ಅನುಕೂಲ ಆಗಲಿ ಅಂತ. ಅವರು ಫ್ರೇಮಿನಲ್ಲಿ ಇರುವುದಿಲ್ಲ, ಆದರೂ ಪೂರ್ತಿ ನಟಿಸುತ್ತಾರೆ. ಎದುರಿನವನ ಕಣ್ಣಲ್ಲಿ ನೀರು ಬರಬೇಕಲ್ಲ. ಆಮೇಲೆ ಅಣ್ಣನ ಕ್ಲೋಸಪ್ ಸರದಿ. ಅಷ್ಟು ಹೊತ್ತಿಗೆ ಹೀರೋ ಮೇಕಪ್ ರೂಮಿಗೆ ಹೋಗಿರುತ್ತಾನೆ. ಹೀರೋನ ಮಾತನ್ನು ಅಸಿಸ್ಟೆಂಟ್ ಹುಡುಗ ಓದುತ್ತಾನೆ, ಬಸ್ ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗುವ ಕಂಡಕ್ಟರ್ ಹಾಗೆ. "ಅಪ್ಪಾ ನಿಮ್ಮ ಋಣ ಹೇಗೆ ತೀರಿಸಲಿ." ಏರಿಲ್ಲ, ಇಳಿವಿಲ್ಲ. ಅದನ್ನು ಕೇಳಿಸಿಕೊಂಡು ಅಣ್ಣ ಮಗನ ಕೊರಳು ಕಟ್ಟಿದ ದನಿ ಕೇಳಿದವರ ಹಾಗೆ ಕಣ್ಣು ಒದ್ದೆ ಮಾಡಿಕೊಳ್ಳಬೇಕು. ಒಂದು ಸಲ ಆ ಹುಡುಗನೂ ಇರಲಿಲ್ಲವಂತೆ. ಲೈಟ್ ಸ್ಟ್ಯಾಂಡಿಗೆ ಒಂದು ಬಿಳಿ ಟೇಪು ಅಂಟಿಸಿ, "ಸಾರ್, ಇದೇ ನಿಮ್ಮ ಮಗ" ಅಂದರಂತೆ.

"ಏನ್ ಮಾಡಿದ್ರಿ ಅಣ್ಣ?"

"ಏನ್ ಮಾಡೋದು. ಟೇಪಿನ ಮಾತು ಕೇಳಿಸ್ಕೊಂಡೆ."

ಇನ್ನು ಸ್ಟಾಕ್ ರಿಯಾಕ್ಷನ್ ಅನ್ನುವುದೊಂದು ಇದೆ. ಸೋಫಾ ಮುಂದೆ ನಿಲ್ಲಿಸಿ ಒಂದು ಶಾಕ್, ಒಂದು ಸಿಟ್ಟು, ಒಂದು ದುಃಖ, ಒಂದು 'ಏನೋ ಗೊತ್ತಾಗ್ತಿಲ್ಲ' ಅಂತ ತೆಗೆದಿಟ್ಟುಕೊಳ್ಳುತ್ತಾರೆ. ಯಾವುದಕ್ಕೆ ಶಾಕ್ ಅಂತ ನಟನಿಗೇ ಗೊತ್ತಿರುವುದಿಲ್ಲ. ಎಡಿಟಿಂಗಿನಲ್ಲಿ ಬೇಕಾದ ಕಡೆ ಅಂಟಿಸಿ ಗುಡುಗಿನ ಸದ್ದು ಹಾಕುತ್ತಾರೆ. ಅಣ್ಣ ಇದಕ್ಕೆ ತಮ್ಮದೇ ಉಪಾಯ ಮಾಡಿಕೊಂಡಿದ್ದಾರೆ. ಹಳೆ ನಾಟಕಗಳ ಯಾವುದೋ ಸಾಲನ್ನು ಮನಸ್ಸಿನಲ್ಲೇ ಬೇರೆ ನಟ ಹೇಳುತ್ತಿದ್ದಾನೆ ಅಂದುಕೊಂಡು ಅದಕ್ಕೆ ಮುಖ ಕೊಡುತ್ತಾರೆ. ಅಂದರೆ ಅತ್ತೆ ಸೊಸೆ ಜಗಳದ ಸೀರಿಯಲ್ಲಿನಲ್ಲಿ ನೀವು ನೋಡುವ ಆ ಮಾವನ ಮುಖ ನಿಜವಾಗಿ ಕೇಳಿಸಿಕೊಳ್ಳುತ್ತಿರುವುದು ಹೆಗ್ಗೋಡಿನ ನಾಟಕದ ಮಾತು. ಇದನ್ನು ತಿಳಿದ ಮೇಲೆ ನನಗೆ ಆ ಸೀರಿಯಲ್ ಬೇಜಾರಾಗುವುದು ನಿಂತುಹೋಯಿತು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪೋಷಕ ನಟರಿಗೆ ದಿನಗೂಲಿ ಲೆಕ್ಕ. ಶೂಟಿಂಗ್ ಇದ್ದ ದಿನ ಉಂಟು, ಇಲ್ಲದ ದಿನ ಇಲ್ಲ. ಚೆಕ್ಕು ಬರುವುದು ತಿಂಗಳುಗಳಾದ ಮೇಲೆ. ಕೆಲವು ಸಲ ಬರುವುದೇ ಇಲ್ಲ, ಮ್ಯಾನೇಜರ್ ಫೋನ್ ಎತ್ತುವುದಿಲ್ಲ. 2020ರಲ್ಲಿ ಶೂಟಿಂಗ್ ಪೂರ್ತಿ ನಿಂತಾಗ ಅಣ್ಣ ಊರಿನಲ್ಲಿ ಶುಂಠಿ ಹಾಕಿದ್ದರು. ಬೆಂಗಳೂರಿನಲ್ಲಿ ಮನೆ ಮಾಡಿದರೆ ಬಂದಿದ್ದೆಲ್ಲ ಬಾಡಿಗೆಗೇ ಸರಿಹೋಗುತ್ತದೆ ಅಂತ ಹಾಸನದಲ್ಲೇ ಉಳಿದರು. 2017ರಲ್ಲಿ ಕುಣಿಗಲ್ ಮೇಲಿನ ರೈಲು ಶುರುವಾಗಿದ್ದು ಅವರಿಗೆ ದೊಡ್ಡ ಅನುಕೂಲ. ರೈಲಿನಲ್ಲಿ ಜನ ಗುರುತು ಹಿಡಿದು ಸೀರಿಯಲ್ ಪಾತ್ರದ ಹೆಸರಿಂದಲೇ ಮಾತಾಡಿಸುತ್ತಾರೆ. "ಸೊಸೆಗೆ ಅಷ್ಟು ಅನ್ಯಾಯ ಆಗ್ತಿದ್ರೂ ಸುಮ್ನೆ ಕೂತಿದೀರಲ್ಲ" ಅಂತ ಒಬ್ಬ ಅಜ್ಜಿ ಶ್ರವಣಬೆಳಗೊಳದ ತನಕ ಬೈದರಂತೆ. ಇವರು ಕೈ ಮುಗಿದುಕೊಂಡು ಪೂರ್ತಿ ಕೇಳಿಸಿಕೊಂಡರಂತೆ.

ನಾಟಕ ಕಲಿತು ಬರುವ ಹುಡುಗರು ಈಗಲೂ ಕಡಿಮೆಯಿಲ್ಲ. ನೀನಾಸಂ ಇದೆ, ಮೈಸೂರಿನ ರಂಗಾಯಣ ಇದೆ, ನಮ್ಮ ಗಡಿಯಾಚೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಇದೆ. ಅಚ್ಯುತ್ ಕುಮಾರ್ ಅಂಥವರು ನೀನಾಸಂನಿಂದ ಬಂದು ಪೋಷಕ ಪಾತ್ರಗಳಿಗೇ ಜನ ಟಿಕೆಟ್ ತೆಗೆದುಕೊಳ್ಳುವ ಹಾಗೆ ಮಾಡಿದ್ದಾರೆ. ಬರುವ ಹುಡುಗರಿಗೆಲ್ಲ ಹೀರೋ ಆಗುವ ಆಸೆ ಇರುತ್ತದೆ, ಇರಲಿ. ಆದರೆ ಸಣ್ಣ ಪಾತ್ರ ಸಿಕ್ಕಾಗ ಅದನ್ನು ಮೆಟ್ಟಿಲು ಅಂತ ಮಾತ್ರ ನೋಡುವವರ ಮುಖದಲ್ಲಿ ಆ ಅವಸರ ಕಂಡುಬಿಡುತ್ತದೆ. ಕ್ಯಾಮೆರಾ ಅದೊಂದನ್ನು ಮುಚ್ಚಿಡುವುದಿಲ್ಲ.

ಅಣ್ಣನ ಪಾತ್ರವನ್ನು ಇತ್ತೀಚೆಗೆ ಸೀರಿಯಲ್ಲಿನಲ್ಲಿ ಸಾಯಿಸಿದರು. ಟಿಆರ್‌ಪಿ ಬಿದ್ದಿತ್ತಂತೆ, ಮನೆಯಲ್ಲಿ ಒಂದು ಸಾವು ಬೇಕಿತ್ತು. ಹಾರ್ಟ್ ಅಟ್ಯಾಕ್ ಸೀನು ಒಂದೇ ಟೇಕಿನಲ್ಲಿ ಓಕೆ ಆಯಿತು. ಈಗ ಹಾಲ್‌ನ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಆಗಿ ದಿನಾ ಬರುತ್ತಾರೆ. ಸೊಸೆ ಅದರ ಮುಂದೆ ನಿಂತು ಕಷ್ಟ ಹೇಳಿಕೊಳ್ಳುತ್ತಾಳೆ. ಫೋಟೋಗೆ ಪೇಮೆಂಟ್ ಇಲ್ಲ. ಮೊನ್ನೆ ಸಂತೆಪೇಟೆ ಹತ್ತಿರ ಸಿಕ್ಕಿದಾಗ ಸೀರಿಯಲ್ಲಿನ ಅದೇ ದಪ್ಪ ಮೀಸೆ ಇನ್ನೂ ಇತ್ತು. ಕುರುಕ್ಷೇತ್ರಕ್ಕೆ ವಿದುರನ ಪಾರ್ಟು ಹಿಡಿದಿದ್ದಾರಂತೆ, ಅದಕ್ಕೆ ಬಿಳಿ ಗಡ್ಡ ಅಂಟಿಸಬೇಕು. ಈ ಮೀಸೆಯ ಮೇಲೆ ಗಡ್ಡ ನಿಲ್ಲುತ್ತಿಲ್ಲ ಅಂತ ಮೇಕಪ್‌ನವನ ಗಲಾಟೆ.

"ತೆಗೆಸಿಬಿಡಿ ಅಣ್ಣ, ಹೆಂಗೂ ಸತ್ತಾಯ್ತಲ್ಲ" ಅಂದೆ.

"ಇರು ಮಾರಾಯ" ಅಂದರು. "ಡೈರೆಕ್ಟರ್ ಹೇಳವ್ರೆ, ಫ್ಲ್ಯಾಶ್‌ಬ್ಯಾಕ್ ಇದ್ರೂ ಇರಬಹುದಂತೆ."